ಯಾರ ಮನೆಗೂ ಬೀಳದ ಪುಕ್ಕ

ನೆಂದ ಬಾತುಕೋಳಿ ಪುಕ್ಕದ ವಾಸನೆ ಎಂಥದ್ದು ಅಂತ ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ನೆಂದ ನಾಯಿ, ಹಳೆಯ ಗೋಣಿ, ಕೆರೆಯ ಪಾಚಿ, ಮೂರೂ ಒಂದೇ ಕೋಣೆಯಲ್ಲಿ ಕೂತಂತೆ. ಹೋದ ತಿಂಗಳು ಚಿಕ್ಕಬಳ್ಳಾಪುರದ ನಮ್ಮ ಮನೆಯ ಬಚ್ಚಲಿನಿಂದ ಆ ವಾಸನೆ ಬಂತು. ಬೆಟ್ಟ ಹತ್ತುವ ಹುಚ್ಚಿರುವ ನನ್ನ ಮೊಮ್ಮಗಳು ತನ್ನ ಸ್ಲೀಪಿಂಗ್ ಬ್ಯಾಗನ್ನು ದೊಡ್ಡ ಟಬ್ಬಿನಲ್ಲಿ ಅದ್ದಿ, ಫೋನಿನಲ್ಲಿ ಓದಿಕೊಂಡು ಓದಿಕೊಂಡು ತೊಳೆಯುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. "ತಾತಾ, ಇದನ್ನ ಹಿಂಡಬಾರ್ದಂತೆ. ನೆರಳಲ್ಲಿ ಒಣಗಿಸ್ಬೇಕಂತೆ. ಒಳಗಿನ ಗಂಟೆಲ್ಲ ಕೈಯಲ್ಲೇ ಬಿಡಿಸ್ಬೇಕಂತೆ," ಎಂದು ನನಗೇ ಪಾಠ ಶುರುಮಾಡಿದಳು.

"ಈ ಪಾಠ ನಾನು ಒಂದು ಕತ್ತೆ ಪಕ್ಕ ನಿಂತು ಕಲ್ತಿದ್ದು ಕಣಮ್ಮ," ಅಂದೆ. ಅವಳು ನಕ್ಕಳು, ನಂಬಲಿಲ್ಲ. ಎಂಬತ್ತು ದಾಟಿದವರ ಮಾತನ್ನು ಯಾರು ನಂಬುತ್ತಾರೆ? ಅದಕ್ಕೇ ಬರೆದಿಡುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿದ್ದ ವರ್ಷ. ನನಗೆ ಮೊದಲ ಮೇಷ್ಟ್ರ ಕೆಲಸ ಸಿಕ್ಕಿದ್ದು ಜಂಗಮಕೋಟೆಯಿಂದ ಮೂರು ಮೈಲಿ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ. ಊರಿನ ಹೆಸರು ಬರೆಯುವುದಿಲ್ಲ. ಹೆದರಿ ಅಲ್ಲ. ಆ ಊರಿನವರ ಮೊಮ್ಮಕ್ಕಳು ಈಗ ನನ್ನನ್ನು ಮದುವೆಗೆ ಕರೆಯುತ್ತಾರೆ, ಅವರ ತಾತಂದಿರನ್ನು ಬೀದಿಗೆಳೆದು ನನಗೇನಾಗಬೇಕು? ನಾನು ಚಿಂತಾಮಣಿ ಕಡೆಯವನು. ಕೆಂಚಾರ್ಲಹಳ್ಳಿ ಹತ್ತಿರದ ಒಂದು ಊರಿನ ಹೊರಗಿರುವ ಕೇರಿಯಲ್ಲಿ ಹುಟ್ಟಿದವನು. ಇಷ್ಟು ಹೇಳಿದರೆ ನಮ್ಮ ಕಡೆಯವರಿಗೆ ಜಾತಿ ಗೊತ್ತಾಗುತ್ತದೆ. ಮುಚ್ಚಿಡುವ ಅಭ್ಯಾಸ ನನಗೆ ಆಗಲೂ ಇರಲಿಲ್ಲ. ಈಗ ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇದೆ, ಆಗಿನ್ನೂ ಚೌಡಮ್ಮನ ಪಟವಿತ್ತು, ಅಷ್ಟೇ ವ್ಯತ್ಯಾಸ.

ಊರಿಗೆ ಹೋದ ಮೊದಲ ದಿನವೇ ಪಟೇಲರು ನನ್ನ ಹೆಸರು ಕೇಳಲಿಲ್ಲ, ತಂದೆಯ ಹೆಸರು ಕೇಳಿದರು. ಆಮೇಲೆ ಬಹಳ ಮರ್ಯಾದೆಯಿಂದ, "ಊರಲ್ಲಿ ಮನೆ ಯಾವ್ದೂ ಖಾಲಿ ಇಲ್ಲ ಮೇಷ್ಟ್ರೇ," ಅಂದರು. ಮೂರು ಮನೆಗಳಿಗೆ ಬೀಗ ಹಾಕಿರುವುದನ್ನು ನಾನು ನೋಡಿಕೊಂಡೇ ಬಂದಿದ್ದೆ. ಜಗಳ ಆಡಲಿಲ್ಲ. ಶಾಲೆಯಲ್ಲೇ ಮಲಗಿದೆ. ಶಾಲೆಯೆಂದರೆ ಊರ ನಡುವೆ ಒಂದು ಕೋಣೆ, ಮುಂದೆ ಒಂದು ಜಗಲಿ, ಮೇಲೆ ನಾಡಹೆಂಚು. ನನಗಿಂತ ಹಿಂದೆ ಇದ್ದ ಮೇಷ್ಟ್ರ ಕಾಲದಲ್ಲಿ ಊರಿನ ಮಕ್ಕಳು ಕೋಣೆಯೊಳಗೆ, ಕೇರಿಯ ಏಳು ಮಕ್ಕಳು ಜಗಲಿಯ ಕೆಳಗೆ ಬಿಸಿಲಲ್ಲಿ ಕೂರುತ್ತಿದ್ದರು. ನಾನು ಎರಡನೆಯ ದಿನವೇ ಆ ಏಳೂ ಜನರನ್ನು ಒಳಗೆ ಕರೆದು ಕೂರಿಸಿದೆ. ಊರಿಗೆ ನನ್ನ ಮೇಲೆ ಹುಟ್ಟಿದ ಕೋಪದ ಬುಡ ಇದು. ಉಳಿದದ್ದೆಲ್ಲ ಕೊಂಬೆ.

ಕೇರಿಯಲ್ಲಿ ಮುನಿಯಮ್ಮ ಅನ್ನುವ ಮುದುಕಿ ನನಗೆ ಮುದ್ದೆ ಹಾಕುತ್ತಿದ್ದಳು. "ಇಲ್ಲೇ ಮಲಕ್ಕೊಳ್ಳಪ್ಪ, ಆ ಊರೋರ ಸಾವಾಸ ಯಾಕೆ?" ಎಂದು ದಿನಾ ಕೇಳುತ್ತಿದ್ದಳು. ನಾನು ಒಪ್ಪಲಿಲ್ಲ. ನಾನು ಕೇರಿಗೆ ಹೋಗಿ ಮಲಗಿದರೆ ನಾಳೆ ಮಕ್ಕಳೂ ಜಗಲಿಯಿಂದ ಕೆಳಗಿಳಿಯುತ್ತಾರೆ. ಊರ ನಡುವೆ, ಸರ್ಕಾರದ ಸೂರಿನ ಕೆಳಗೆ, ಎಲ್ಲರ ಕಣ್ಣೆದುರಿಗೆ ಮಲಗುವುದು ನನ್ನ ಹಟ. ಇಪ್ಪತ್ತೆರಡು ವಯಸ್ಸಿನ ಹಟ ಅಂದರೆ ಕೇಳಬೇಕೇ?

ಆ ಹಟಕ್ಕೆ ಜೊತೆ ನಿಂತದ್ದು ನನ್ನ ಮಲಗುವ ಚೀಲ. ನಮ್ಮಣ್ಣ ಬೆಂಗಳೂರಿನ ದಂಡಿನಲ್ಲಿ ಅಡುಗೆ ಕೆಲಸದಲ್ಲಿದ್ದ. ದೊಡ್ಡ ಯುದ್ಧ ಮುಗಿದ ಮೇಲೆ ಸೋಲ್ಜರುಗಳ ಸಾಮಾನೆಲ್ಲ ಡಿಸ್ಪೋಸಲ್ ಹರಾಜಿಗೆ ಬಂತಲ್ಲ, ಆಗ ಇದನ್ನು ಹಿಡಿದಿಟ್ಟು, ಕೆಲಸ ಸಿಕ್ಕಾಗ ನನಗೆ ಕೊಟ್ಟಿದ್ದ. ಹಸಿರು ಬಟ್ಟೆ, ಎದೆಯತನಕ ಹಿತ್ತಾಳೆ ಜಿಪ್ಪು, ಒಳಗೆ ಬಾತುಕೋಳಿಯ ಎಳೆಯ ಪುಕ್ಕ. ಸುತ್ತಿದರೆ ಕುಂಬಳಕಾಯಿಯಷ್ಟು, ಬಿಚ್ಚಿ ಕೊಡವಿದರೆ ಉಬ್ಬಿ ಉಬ್ಬಿ ಮೊಣಕಾಲೆತ್ತರ. ಅದರೊಳಗೆ ಹೊಕ್ಕರೆ ಹಾಸು ಬೇಡ, ಹೊದಿಕೆ ಬೇಡ. ಊರಿಗೆಲ್ಲ ಅದು ತಮಾಷೆಯಾಯಿತು. ರೇಷ್ಮೆ ಹುಳ ಸಾಕುವ ಊರು ನೋಡಿ, "ಮೇಷ್ಟ್ರು ಗೂಡು ಕಟ್ಕೊಂಡ್ರು" ಎಂದು ನಗುತ್ತಿದ್ದರು.

ಕಾರ್ತಿಕದ ಕೊನೆಯಲ್ಲಿ ಮದ್ರಾಸಿನ ಕಡೆಯಿಂದ ಸೈಕ್ಲೋನು ಎದ್ದು ಮೂರು ದಿನ ಬಿಡದೆ ಮಳೆ ಹೊಡೆಯಿತು. ಹೆಂಚು ಸರಿದು ಕೋಣೆಯೆಲ್ಲ ಕೆರೆಯಾಯಿತು. ನಾನು ಮುನಿಯಮ್ಮನ ಮನೆಗೆ ಊಟಕ್ಕೆ ಹೋದವನು ಮಳೆಗೆ ಸಿಕ್ಕಿಕೊಂಡೆ, ಬರುವಷ್ಟರಲ್ಲಿ ಚೀಲ ನೀರಲ್ಲಿ ತೇಲುತ್ತಿತ್ತು. ಎತ್ತಿದೆ, ಹಗ್ಗ ಹಿಂಡುವ ಹಾಗೆ ಎರಡೂ ಕಡೆಯಿಂದ ತಿರುಚಿ ಹಿಂಡಿದೆ, ಜಂತಿಗೆ ನೇತುಹಾಕಿದೆ. ನಾಲ್ಕು ದಿನದ ಮೇಲೆ ನೋಡಿದರೆ ಅದು ಚೀಲವಲ್ಲ, ಒಳಗೆ ನಿಂಬೆಹಣ್ಣು ತುಂಬಿದ ಗೋಣಿ. ಪುಕ್ಕವೆಲ್ಲ ಗಂಟು ಕಟ್ಟಿ ಮೂಲೆ ಸೇರಿತ್ತು. ಉಳಿದ ಕಡೆ ಬರೀ ಎರಡು ಪದರ ಬಟ್ಟೆ. ಜೊತೆಗೆ ಆ ವಾಸನೆ.

ಹೆಂಚು ನಾನೇ ಹತ್ತಿ ಸರಿಮಾಡಿದೆ. ಆದರೆ ಮಳೆಯ ಹಿಂದೆಯೇ ಚಳಿ ಬಂತು. ನಮ್ಮ ಕಡೆಯ ಮಾರ್ಗಶಿರದ ಚಳಿ ನಂದಿ ಬೆಟ್ಟದಿಂದ ಇಳಿದು ಬಂದು ನೆಲದ ಕಲ್ಲುಚಪ್ಪಡಿಯೊಳಗೆ ಕೂತುಬಿಡುತ್ತದೆ. ಕಂಬಳಿ ಕೊಳ್ಳುವ ಶಕ್ತಿ ನನಗಿರಲಿಲ್ಲ, ಕೇರಿಯಲ್ಲಿ ಇದ್ದ ಕಂಬಳಿ ಅವರ ಮಕ್ಕಳಿಗೇ ಸಾಲದು. ಒಂದು ವಾರ ನಡುಗಿ, ಜ್ವರ ಹಿಡಿದು, ಹಲ್ಲು ಕಟಕಟ ಅನ್ನಿಸಿಕೊಂಡೇ ಮಗ್ಗಿ ಹೇಳಿಸಿದೆ. ಪಟೇಲರು ಅರಳಿಕಟ್ಟೆಯಲ್ಲಿ ಹೇಳಿದ ಮಾತು ನನ್ನ ಕಿವಿಗೂ ಬಿತ್ತು: "ಸಂಕ್ರಾಂತಿ ಒಳಗೆ ಚಳೀನೇ ಓಡಿಸ್ತದೆ ಬಿಡ್ರಪ್ಪ. ನಾವ್ಯಾಕೆ ಬಾಯಿ ಕೆಡಿಸ್ಕೋಬೇಕು?"

ನಾನು ಹೋದರೆ ಏನಾಗುತ್ತದೆ ಅನ್ನುವುದು ನನಗೂ ಗೊತ್ತಿತ್ತು, ಕೇರಿಗೂ ಗೊತ್ತಿತ್ತು. ಇನ್ನೊಬ್ಬ ಮೇಷ್ಟ್ರು ಬರುತ್ತಾನೆ, ಏಳು ಮಕ್ಕಳು ಮತ್ತೆ ಬಿಸಿಲಿಗೆ. ಆ ಮಾತು ಕೇಳಿದ ದಿನ ನಾನು ತೀರ್ಮಾನ ಮಾಡಿದೆ. ಈ ಚೀಲ ಮತ್ತೆ ಉಬ್ಬಬೇಕು. ನಾನು ಇಲ್ಲೇ ಮಲಗಬೇಕು.

ಊರಿನ ಅಗಸ ಗಂಗಪ್ಪ. ಯುದ್ಧದ ಕಾಲದಲ್ಲಿ ಬೆಂಗಳೂರಿನ ದಂಡಿನಲ್ಲಿ ಸೋಲ್ಜರುಗಳ ಬಟ್ಟೆ ಒಗೆದು ಬಂದವನು. ಚೀಲ ತೋರಿಸಿ ಕೇಳಿದ್ದಕ್ಕೆ ತಲೆ ಕೆರೆದುಕೊಂಡ. "ಇಂಥವು ನೂರು ಒಗೆದಿದೀನಿ ಮೇಷ್ಟ್ರೇ. ಆದ್ರೆ ನಿಮ್ದು ಒಗೆದ್ರೆ ಊರೋರು ನಂಗೆ ಬಟ್ಟೆ ಹಾಕಲ್ಲ. ಸುಗ್ಗೀಲಿ ಕಣದ ಹತ್ರ ಸೇರಿಸಲ್ಲ, ನನ್ ಪಾಲಿನ ಕಾಳೂ ಕೊಡಲ್ಲ. ನನ್ ಹೊಟ್ಟೆ ಮೇಲೆ ಹೊಡೀಬ್ಯಾಡಿ." ನನಗೆ ಸಿಟ್ಟು ಬರಲಿಲ್ಲ ಅಂದರೆ ಸುಳ್ಳಾಗುತ್ತದೆ. ಬಂತು. ಆದರೆ ಅವನು ತಲೆ ತಗ್ಗಿಸಿ ಇನ್ನೊಂದು ಮಾತು ಹೇಳಿದ: "ನಾಳೆ ಬೆಳಿಗ್ಗೆ ಕೆರೆ ಹತ್ರ ನನ್ ಕತ್ತೆ ಇರ್ತದೆ. ನೀವೂ ಬನ್ನಿ."

ನನಗೆ ತಲೆಬುಡ ತಿಳಿಯಲಿಲ್ಲ. ಹೋದೆ. ಕೆರೆಯಂಚಿನಲ್ಲಿ ಊರಿನ ನಾಲ್ಕಾರು ಹೆಂಗಸರು ಪಾತ್ರೆ ಬೆಳಗುತ್ತಿದ್ದರು. ಗಂಗಪ್ಪ ನನ್ನತ್ತ ತಿರುಗಿಯೂ ನೋಡಲಿಲ್ಲ. ನಾನು ಹತ್ತು ಮಾರು ದೂರದಲ್ಲಿ, ನಮ್ಮವರಿಗೆ ಬಿಟ್ಟ ಕಡೆ, ನೀರಿಗಿಳಿದೆ. ಚೀಲವನ್ನು ಎತ್ತಿ ಕಲ್ಲಿಗೆ ಬೀಸಬೇಕು, ಅಷ್ಟರಲ್ಲಿ ಗಂಗಪ್ಪ ಕೂಗಿಕೊಂಡ.

"ಒರೇಯ್ ಕತ್ತೆ! ಕಲ್ಲಿಗೆ ಒಗೀತೀಯೇನೋ? ಅದು ಪುಕ್ಕದ್ದು ಕಣೋ, ಒಗೆದ್ರೆ ಒಳಗಿನ ಹೊಲಿಗೆ ಕಿತ್ಕೊಂಡು ಬರ್ತದೆ!"

ಕತ್ತೆ ಪಾಪ ಹುಲ್ಲು ಮೇಯುತ್ತಿತ್ತು. ಹೆಂಗಸರು ನೋಡಿದರು. ಅವರಿಗೆ ಕಂಡದ್ದು ಕತ್ತೆಗೆ ಬೈಯುತ್ತಿರುವ ಅಗಸ. ನನಗೆ ಅರ್ಥವಾಯಿತು. ಚೀಲ ಕೆಳಗಿಳಿಸಿದೆ. ಕೊಳೆ ಬಿಡಲೆಂದು ಬುಟ್ಟಿಯಲ್ಲಿ ಚೌಳುಮಣ್ಣು, ಅಂಟುವಾಳ ಎರಡನ್ನೂ ತಂದಿದ್ದೆ, ಮೊದಲು ಚೌಳು ತೆಗೆದೆ.

"ಚೌಳು ಮುಟ್ಟಿದ್ರೆ ನೋಡು ಮತ್ತೆ! ಪುಕ್ಕದಲ್ಲಿರೋ ಜಿಡ್ಡು ಹೋಯ್ತದೆ, ಜಿಡ್ಡು ಹೋದ್ರೆ ಪುಕ್ಕ ಸತ್ತಂಗೆ. ಅಂಟುವಾಳಕಾಯಿ ನೊರೆ ಸಾಕು. ಬುದ್ಧಿ ಬ್ಯಾಡ್ವಾ ನಿಂಗೆ?"

ಹೀಗೆ ಅರ್ಧ ಗಂಟೆ ಪಾಠ ನಡೆಯಿತು. ಅಂಟುವಾಳದ ನೊರೆಯಲ್ಲಿ ಮಗುವಿನ ಮೈ ತೊಳೆದಂತೆ ಅಂಗೈಯಲ್ಲಿ ಒತ್ತಬೇಕು. ನೊರೆ ಪೂರಾ ಹೋಗುವತನಕ ನೀರು ಬದಲಾಯಿಸಬೇಕು. ಎತ್ತುವಾಗ ಒಂದು ತುದಿ ಹಿಡಿದು ಎತ್ತಬಾರದು, ನೆಂದ ಪುಕ್ಕದ ಭಾರಕ್ಕೆ ಬಟ್ಟೆ ಸೀಳುತ್ತದೆ, ಅಡಿಗೆ ಎರಡೂ ತೋಳು ಕೊಟ್ಟು ಎತ್ತಬೇಕು. "ಹಿಂಡಬ್ಯಾಡ್ವೋ ಕತ್ತೆ, ಹಿಂಡಬ್ಯಾಡ! ಸುರುಳಿ ಸುತ್ತಿ ಮೇಲೆ ಮಂಡಿ ಊರು, ನೀರು ತಾನೇ ಹೋಯ್ತದೆ!" ನನ್ನನ್ನು ಬಾಯಿತುಂಬ ಕತ್ತೆ ಅನ್ನಲು ಅವನಿಗೆ ಸಿಕ್ಕ ಅವಕಾಶವನ್ನು ಅವನೂ ಬಿಡಲಿಲ್ಲ, ಕಳ್ಳ. ನಾನು ಮಂಡಿಯೂರಿ ನಗುತ್ತಿದ್ದೆ. ಕಡೆಗೆ, "ನೆರಳಲ್ಲಿ ಹರವು, ಬಿಸಿಲಿಗೆ ಹಾಕ್ಬ್ಯಾಡ. ನಾಲ್ಕು ದಿನ ಬೇಕು. ಒಣಗ್ತಾ ಒಣಗ್ತಾ..." ಅನ್ನುವಷ್ಟರಲ್ಲಿ ಪಟೇಲರ ಮನೆಯ ಆಳು ಎಮ್ಮೆ ಹೊಡೆದುಕೊಂಡು ಬಂದ. ಗಂಗಪ್ಪ ಬಾಯಿ ಮುಚ್ಚಿದ. ಕತ್ತೆಯ ಪಾಠ ಅಲ್ಲಿಗೇ ನಿಂತಿತು.

ಒಣಗುತ್ತಾ ಏನು ಮಾಡಬೇಕೆಂಬುದು ನನಗೆ ತಿಳಿಯಲೇ ಇಲ್ಲ. ನಾಲ್ಕು ದಿನ ಜಗಲಿಯ ನೆರಳಲ್ಲಿ ಹರವಿದೆ. ವಾಸನೆ ಹೋಯಿತು, ಬಟ್ಟೆ ಹೊಸದರಂತಾಯಿತು, ಗಂಟು ಮಾತ್ರ ಹಾಗೇ ಇತ್ತು. ಆಗ ಶನಿವಾರ ಶಿಡ್ಲಘಟ್ಟದಿಂದ ಪಿಂಜಾರ ಬುಡನ್ ಸಾಬರು ಬಂದರು. ಹೆಗಲ ಮೇಲೆ ಆಳೆತ್ತರದ ಬಿಲ್ಲು, ಕೈಯಲ್ಲಿ ಮರದ ಗುಂಡು. ಪ್ರತಿ ವರ್ಷ ಚಳಿ ಶುರುವಾದಾಗ ಬಂದು ಮನೆಮನೆಯ ಹಳೆಯ ಹಾಸಿಗೆಯ ಹತ್ತಿಯನ್ನು ಹಿಂಜಿ ಹೂವಿನಂತೆ ಮಾಡಿಕೊಡುವವರು. ಅವರಿಗೆ ಯಾರ ಹಾಸಿಗೆಯಾದರೂ ಒಂದೇ.

"ಗಂಟು ಕಟ್ಟಿರೋದನ್ನ ಬಿಡಿಸೋದೇ ನಮ್ ಕಸುಬು ಮೇಷ್ಟ್ರೇ. ಹತ್ತಿ ಆದ್ರೇನು, ಪುಕ್ಕ ಆದ್ರೇನು?" ಅಂದರು. ನಾನೂ ಹೌದಲ್ಲ ಅಂದೆ. ತಪ್ಪು ಇಬ್ಬರದೂ. ಮಧ್ಯಾಹ್ನ, ಅರ್ಧ ದಿನದ ಶಾಲೆ ಬಿಟ್ಟ ಮೇಲೆ, ಶಾಲೆಯ ಮುಂದೆ ಚಾಪೆ ಹಾಸಿ, ಚೀಲದ ಹೊಲಿಗೆ ಬಿಚ್ಚಿ, ಗಂಟುಗಳನ್ನೆಲ್ಲ ಸುರಿದೆವು. ಸಾಬರು ಬಿಲ್ಲು ಹೂಡಿ ಅದರ ನರದ ಹುರಿಗೆ ಗುಂಡಿನಿಂದ ಒಂದು ಏಟು ಕೊಟ್ಟರು. ಟೊಂಯ್! ಗಂಟು ಒಡೆದು ಮೊರದಷ್ಟಗಲ ಬೆಳ್ಳಗೆ ಅರಳಿತು. "ನೋಡಿದ್ರಾ!" ಅಂದರು. ನನಗೆ ಖುಷಿಗೆ ಚಪ್ಪಾಳೆ ತಟ್ಟುವಂತಾಯಿತು. ಹಾಗೇ ಒಂದರ ಹಿಂದೊಂದು ಹತ್ತಾರು ಏಟು ಬಿತ್ತು. ಅದೇ ಹೊತ್ತಿಗೆ ಮೂಡಲ ಗಾಳಿ ಎದ್ದಿತು.

ಹತ್ತಿ ಹಿಂಜಿದರೆ ಚಾಪೆಯ ಮೇಲೇ ಇರುತ್ತದೆ. ಎಳೆಗೆ ಎಳೆ ಹಿಡಿದುಕೊಂಡಿರುತ್ತದೆ. ಪುಕ್ಕಕ್ಕೆ ಅಂಥ ನಂಟಸ್ತಿಕೆ ಇಲ್ಲ. ಒಂದೊಂದೂ ಬೇರೆ, ಒಂದೊಂದಕ್ಕೂ ರೆಕ್ಕೆ. ಚಾಪೆಯ ಮೇಲಿದ್ದದ್ದು ಒಮ್ಮೆಗೇ ಎದ್ದಿತು. "ಯಾ ಅಲ್ಲಾ!" ಎಂದು ಸಾಬರು ಬಿಲ್ಲು ಬಿಸಾಕಿ ಚಾಪೆಯ ಮೇಲೆ ಬೋರಲು ಬಿದ್ದರು. ನಾನು ಪಂಚೆ ಬಿಚ್ಚಿ ಅದರ ಮೇಲೆ ಹೊದಿಸಿ ಚಡ್ಡಿಯಲ್ಲಿ ನಿಂತೆ. ಅರ್ಧ ಉಳಿಯಿತು. ಅರ್ಧ ಊರ ಮೇಲೆ ಹೋಯಿತು.

ಅವರೆಕಾಯಿಯ ಕಾಲ ಅದು. ಬೀದಿಯ ಉದ್ದಕ್ಕೂ ಹೆಂಗಸರು ಜಗಲಿಗಳಲ್ಲಿ ಕೂತು ಅವರೆಬೇಳೆ ಹಿಸುಕುತ್ತಿದ್ದರು. ಹಸಿ ಬೇಳೆಯ ಮೇಲೆ ಪುಕ್ಕ ಬಿತ್ತು. ಪೂಜಾರಿಯ ಒದ್ದೆ ಮಡಿಪಂಚೆಗೆ ಅಂಟಿತು. ಹಾಲಿನ ಚೊಂಬಿನಲ್ಲಿ ತೇಲಿತು. ಹುಳುಮನೆಗಳ ಕಿಟಕಿಯಿಂದ ಒಳಹೊಕ್ಕಿತು. ನಾನು ರಾತ್ರಿಯೆಲ್ಲ ಮೈಗೆ ಸುತ್ತಿಕೊಂಡು ಮಲಗುತ್ತಿದ್ದ ಪುಕ್ಕ, ನನ್ನ ಬೆವರು ಕುಡಿದ ಪುಕ್ಕ, ನಾನು ಎಂದೂ ಹೊಸ್ತಿಲು ದಾಟದ ಮನೆಗಳ ಒಲೆಯತನಕ ಹೋಗಿ ಬಂತು. ಸತ್ಯ ಹೇಳುತ್ತೇನೆ, ಮೊದಲು ಹೆದರಿದೆ. ಆಮೇಲೆ ಆ ಚಡ್ಡಿಯಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕೆ.

ಮಾರನೆಯ ದಿನ ಬೆಳಿಗ್ಗೆ ಶಾಲೆಯ ಮುಂದೆ ಊರು ಸೇರಿತು. ಪಟೇಲರು ಬಹುವಚನ ಮರೆತಿದ್ದರು. "ಏನಯ್ಯಾ, ಬೇಕಂತ್ಲೇ ಮಾಡ್ದೆಯಾ? ಊರೆಲ್ಲಾ ಮೈಲಿಗೆ ಆಯ್ತು. ಪುಣ್ಯಾಹ ಮಾಡ್ಸು, ಬೇರೆ ಊರಿಗೆ ವರ್ಗ ಬೇಕೂಂತ ಅರ್ಜಿ ಬರೆದುಕೊಡು. ಇವತ್ತೇ."

"ಬೀಸಿದ್ದು ಗಾಳಿ, ಪಟೇಲ್ರೇ. ಅರ್ಜಿ ಗಾಳಿ ಹತ್ರ ಬರೆಸ್ಕೊಳ್ಳಿ," ಅಂದೆ.

"ನಾಲಗೆ ಬಿಗಿ ಹಿಡಿದು ಮಾತಾಡು!"

ಅಸ್ಪೃಶ್ಯತೆಗೆ ಶಿಕ್ಷೆಯೆಂಬ ಕಾನೂನು ಬಂದು ಮೂರ್ನಾಲ್ಕು ವರ್ಷವಾಗಿತ್ತು, ದೆಹಲಿಗೆ ಬಂದಿತ್ತು, ಜಂಗಮಕೋಟೆಯ ತನಕ ಇನ್ನೂ ನಡೆದು ಬಂದಿರಲಿಲ್ಲ. ಅದನ್ನು ನಂಬಿ ಬಾಯಿ ತೆರೆಯುವಂತಿರಲಿಲ್ಲ. ನಾನು ಅವರದೇ ಕಾನೂನನ್ನು ಹಿಡಿದುಕೊಂಡೆ. ಒಳಗೆ ಹೋಗಿ ಕರಿಹಲಗೆ ಎತ್ತಿ ತಂದು ಜಗಲಿಗೆ ಒರಗಿಸಿ, ಸೀಮೆಸುಣ್ಣ ಹಿಡಿದು ನಿಂತೆ.

"ಆಯ್ತು. ಪುಣ್ಯಾಹ ಆಗ್ಲಿ. ಯಾರ್ಯಾರ ಮನೇಲಿ ನನ್ ಪುಕ್ಕ ಬಿತ್ತು, ಹೇಳಿ. ಬರ್ಕೋತೀನಿ. ಕೆಟ್ಟಿರೋ ಮನೆ ಯಾವ್ದು, ಕೆಡದಿರೋ ಮನೆ ಯಾವ್ದು ಅಂತ ಗೊತ್ತಾಗ್ಬೇಕಲ್ಲ?"

ಮೆಲ್ಲಗೆ ಎಲ್ಲರ ತಲೆಗೂ ಹತ್ತತೊಡಗಿತು. ನಮ್ಮ ಮನೆಗೆ ಬಿತ್ತು ಅಂದರೆ ಆ ಮನೆ ಮೈಲಿಗೆ. ಪುಣ್ಯಾಹ ಆಗುವತನಕ ಆ ಮನೆಯ ಬೆಂಕಿ ಬೇಡ, ಹಾಲು ಬೇಡ, ಅವರು ಗುಡಿ ಹತ್ತುವಂತಿಲ್ಲ. ಹಿಸುಕಿದ ಬೇಳೆಯೆಲ್ಲ ತಿಪ್ಪೆಗೆ. ಅದಕ್ಕಿಂತ ದೊಡ್ಡದು, ಊರಿನ ಅರ್ಧ ಮನೆಗಳಲ್ಲಿ ಹುಳ ಹಣ್ಣಾಗಿದ್ದವು. ಗೂಡು ಕಟ್ಟಲಿ ಎಂದು ಬಿದಿರಿನ ಚಂದ್ರಿಕೆಗಳಿಗೆ ಬಿಡುವ ದಿನ. ಅಂಥ ಮನೆಯನ್ನು ಮೈಲಿಗೆ ಅಂತ ಹುಳುವಿನ ಸಮೇತ ತೊಳೆದು ಹೊರಹಾಕುವವರು ಯಾರು?

"ನಮ್ಮನೇಗೇನೂ ಬಿದ್ದಿಲ್ಲಪ್ಪ," ಅಂದ ಒಬ್ಬ. "ನಮ್ ಕಡೆ ಗಾಳಿನೇ ಬೀಸ್ಲಿಲ್ಲ," ಅಂದಳು ಇನ್ನೊಬ್ಬಳು. "ನಾನು ನೋಡಿದ್ದು ಕೊಕ್ಕರೆ ಪುಕ್ಕ," ಅಂದರು ಪೂಜಾರಿ. ನಾನು ಪಟೇಲರ ಕಡೆ ತಿರುಗಿದೆ. ಮಗಳನ್ನು ನೋಡಲು ಕೈವಾರದ ಕಡೆಯಿಂದ ಗಂಡಿನವರು ಆ ವಾರವೇ ಅವರ ಮನೆಗೆ ಬರುವವರಿದ್ದರು. "ನಿಮ್ಮನೆ ಬರ್ಕೊಳ್ಳೋಣ್ವಾ ಪಟೇಲ್ರೇ?"

"ನಮ್ಮನೇಗ್ಯಾಕಯ್ಯಾ ಬೀಳ್ತದೆ?" ಅಂದರು. ಅವರ ರುಮಾಲಿನ ಮಡಿಕೆಯಲ್ಲಿ ಒಂದು ಬಿಳಿ ಪುಕ್ಕ ಸಿಕ್ಕಿಕೊಂಡು, ಮಾತಾಡಿದಾಗಲೆಲ್ಲ ತಲೆದೂಗುತ್ತಿತ್ತು. ಇಡೀ ಊರು ಅದನ್ನು ನೋಡಿತು. ಇಡೀ ಊರು ನೆಲ ನೋಡಿತು. ಹಿಂದಿನಿಂದ ಗಂಗಪ್ಪ ಮಾತ್ರ ಕತ್ತೆಯ ಬೆನ್ನು ತಟ್ಟಿ ಗಟ್ಟಿಯಾಗಿ ಅಂದ, "ಒಣಗ್ತಾ ಒಣಗ್ತಾ ತೆಳ್ಳನೆ ಕಡ್ಡೀಲಿ ಬಡೀಬೇಕಿತ್ತು ಕಣೋ ಕತ್ತೆ! ಗಂಟು ತಾನೇ ಬಿಡ್ತಿತ್ತು. ಬಿಲ್ಲಿಗೆ ಯಾಕೆ ಹೋದೆ?"

ಕರಿಹಲಗೆ ಖಾಲಿಯಾಗಿ ಉಳಿಯಿತು. ಪುಣ್ಯಾಹವೂ ಇಲ್ಲ, ಅರ್ಜಿಯೂ ಇಲ್ಲ. ಊರು ಗಾಳಿಗೆ ಗುದ್ದಿ ಮೈ ನೋಯಿಸಿಕೊಂಡು ಮನೆಗೆ ಹೋಯಿತು. ನಾನು ಗೆದ್ದೆ ಅಂದುಕೊಂಡೆ.

ಅವತ್ತು ಸಂಜೆ ಉಳಿದ ಪುಕ್ಕವನ್ನು ಚೀಲಕ್ಕೆ ತುಂಬಿದಾಗ ಗೆದ್ದದ್ದು ಏನು ಅಂತ ತಿಳಿಯಿತು. ಚೀಲ ಅರ್ಧಕ್ಕೂ ಏಳಲಿಲ್ಲ. ಎದೆಗೆ ತುಂಬಿದರೆ ಕಾಲಿಗಿಲ್ಲ, ಕಾಲಿಗೆ ತುಂಬಿದರೆ ಬೆನ್ನಿಗಿಲ್ಲ. ಉಳಿದರ್ಧ ಊರಿನ ಮನೆಗಳಲ್ಲಿದೆ. ಹೋಗಿ ಕೇಳೋಣವೆಂದರೆ ಯಾರ ಮನೆಗೂ ಬಿದ್ದೇ ಇಲ್ಲ! ಬೀಳದ ಪುಕ್ಕವನ್ನು ಯಾರು ತಂದುಕೊಡುತ್ತಾರೆ? ಮಾಡಿದ್ದುಣ್ಣೋ ಮಹರಾಯ. ಪುಷ್ಯದ ಚಳಿ ಇನ್ನೂ ಮುಂದಿತ್ತು. ನಾಲ್ಕು ದಿನ ಅದೇ ತೆಳ್ಳನೆಯ ಚೀಲದಲ್ಲಿ ಮುದುಡಿಕೊಂಡು ಮಲಗಿದೆ. ಕೆಮ್ಮು ಎದೆಗಿಳಿಯಿತು. "ಬದುಕಿದ್ರೆ ಬೆಲ್ಲ ಬೇಡಿ ತಿನ್ನಬೌದಪ್ಪ, ನಡಿ ನಿಮ್ಮೂರಿಗೆ," ಎಂದು ಮುನಿಯಮ್ಮ ಕಣ್ಣೀರು ಹಾಕಿದಳು. ಐದನೆಯ ದಿನ ನಾನು ನಿಜವಾಗಲೂ ಕಾಗದ ತೆಗೆದು, ವರ್ಗದ ಅರ್ಜಿಯ ಮೊದಲ ಸಾಲು ಬರೆದೆ. ಇದನ್ನು ಇಲ್ಲಿಯತನಕ ಯಾರಿಗೂ ಹೇಳಿರಲಿಲ್ಲ.

ಅಷ್ಟರಲ್ಲಿ ಜಗಲಿಯ ಕೆಳಗೆ ಅಕ್ಕಯ್ಯಮ್ಮ ಬಂದು ನಿಂತರು. ಪಟೇಲರ ಜಾತಿಯವರೇ, ದೂರದ ದಾಯಾದಿ. ಗಂಡ ಹೋದ ಮೇಲೆ ಒಬ್ಬರೇ ಸೊಪ್ಪು ಕೊಯ್ದು ಹುಳ ಸಾಕಿ ಮಗಳನ್ನು ಬೆಳೆಸುತ್ತಿದ್ದವರು. ಮಗಳು ನನ್ನ ಶಾಲೆಯಲ್ಲೇ ಮೂರನೆಯ ಕ್ಲಾಸು, ಕೇರಿಯ ಮಕ್ಕಳ ಪಕ್ಕದಲ್ಲೇ ಕೂರುತ್ತಿದ್ದಳು. ಸೆರಗಿನ ಮಡಿಲು ತುಂಬ ಏನನ್ನೋ ಎರಡೂ ಕೈಯಲ್ಲಿ ಅಮುಕಿ ಹಿಡಿದುಕೊಂಡಿದ್ದರು.

"ಮೇಷ್ಟ್ರೇ, ಆ ಹಲಗೆ ತಗೊಂಡ್ಬನ್ನಿ. ನನ್ ಹೆಸರು ಬರೀರಿ," ಅಂದರು.

"ಏನಂತ ಬರೀಲಮ್ಮ?"

"ನಮ್ಮನೇಗೆ ಬಿತ್ತು ಅಂತ. ಅಡುಗೆಮನೇಗೆ ಬಿತ್ತು, ಹುಳದ ಮೇಲೂ ಬಿತ್ತು. ಅವತ್ತು ಹೇಳಿದ್ರೆ ಹುಳ ಎಸೀರಿ ಅಂತಿದ್ರು, ಬಾಯಿ ಮುಚ್ಕೊಂಡೆ. ಈಗ ಗೂಡು ಬಿಡಿಸಾಯ್ತು. ಹಾಲಿನಂಥ ಗೂಡು. ಇಂಥ ಬೆಳೆ ನಂಗೆ ಎಂದೂ ಬಂದಿಲ್ಲ. ಮೈಲಿಗೆಯಂತೆ ಮೈಲಿಗೆ! ನನ್ ಹುಳಕ್ಕಿಲ್ದೆ ಇರೋ ಮೈಲಿಗೆ ಇವರಿಗೆ ಎಲ್ಲಿಂದ ಬಂತು? ಬರೀರಿ, ಯಾರು ಬಂದು ಏನ್ ಕೇಳ್ತಾರೋ ಕೇಳ್ಲಿ." ಮಡಿಲಲ್ಲಿ ಅವರು ಆರಿಸಿಟ್ಟ ಪುಕ್ಕವಿತ್ತು. ಅದರ ಜೊತೆ, ಗೂಡು ಬಿಡಿಸಿದ ಮೇಲೆ ಚಂದ್ರಿಕೆಯಲ್ಲಿ ಉಳಿಯುವ ನವಿರಾದ ರೇಷ್ಮೆಯ ನೂಲು, ರಾಶಿ ರಾಶಿ.

ನಾನು ಜಗಲಿಯ ಅಂಚು ತೋರಿಸಿ, "ಅಲ್ಲಿಡಿ ಅಮ್ಮ, ತಗೋತೀನಿ," ಅಂದೆ.

"ಇಡ್ಲಾ? ಇಟ್ರೆ ಉಳೀತದೇನಪ್ಪ? ಗಾಳಿ ನೋಡು. ಇನ್ನೊಂದ್ಸಲ ಊರೆಲ್ಲಾ ಹಾರಿಸ್ಬೇಕಾ? ಕೈ ಒಡ್ಡು."

ಆ ಊರಿಗೆ ಬಂದು ಆರು ತಿಂಗಳಾಗಿತ್ತು, ಊರಿನವರು ಯಾರೂ ನನ್ನ ಕೈಗೆ ಏನನ್ನೂ ಕೊಟ್ಟಿರಲಿಲ್ಲ. ಅಂಗಡಿಯವನು ಉಪ್ಪನ್ನು ಮೇಲಿನಿಂದ ಹಾಕುತ್ತಿದ್ದ. ಕಾಗದ ಬಂದರೆ ಜಗಲಿಯ ಮೇಲೆ. ಪಟೇಲರು ರುಜು ಹಾಕಿದ ಹಾಜರಿ ಪುಸ್ತಕ ನೆಲದ ಮೇಲೆ. ನಾನು ಬಗ್ಗಿ ಎತ್ತಿಕೊಳ್ಳುತ್ತಿದ್ದೆ. ಊರನ್ನು ಕರಿಹಲಗೆಯ ಮುಂದೆ ನಿಲ್ಲಿಸಿದ ಗಂಡಸು ನಾನು, ಈಗ ಯಾರೂ ಕೇಳದಿದ್ದರೂ ನಾನಾಗಿಯೇ ಬೆರಳು ತೋರಿಸಿ "ಅಲ್ಲಿಡಿ" ಅಂದಿದ್ದೆ. ನಾಚಿಕೆಯಾಯಿತು. ಬಹಳ ನಾಚಿಕೆಯಾಯಿತು. ಎರಡೂ ಕೈ ಒಡ್ಡಿದೆ. ಅವರು ಮಡಿಲು ಬಿಚ್ಚಿ ಹಿಡಿ ಹಿಡಿಯಾಗಿ ಹಾಕಿ, ಹಾರದಂತೆ ಮೇಲೆ ತಮ್ಮ ಅಂಗೈ ಒತ್ತಿದರು.

ಅವರ ಹೆಸರನ್ನು ದಪ್ಪ ಅಕ್ಷರದಲ್ಲಿ ಬರೆದೆ. ಅವರಿಗೆ ಓದು ಬರುತ್ತಿರಲಿಲ್ಲ. ಮಗಳು ಓದಿ ಹೇಳಿದಳು. ಆ ಹಲಗೆ ಮೂರು ದಿನ ಜಗಲಿಯ ಮೇಲೇ ಇತ್ತು, ಊರೆಲ್ಲ ಓದಿತು, ಯಾರೂ ಏನೂ ಕೇಳಲಿಲ್ಲ. ಕೇಳಿದರೆ ಮಿಕ್ಕವರ ಮನೆಯ ಮಾತೂ ಹೊರಗೆ ಬರಬೇಕಲ್ಲ.

ಪುಕ್ಕ, ನೂಲು ಎರಡನ್ನೂ ಬೆರೆಸಿ ಚೀಲಕ್ಕೆ ತುಂಬಿ, ಹೊಲಿಗೆ ಹಾಕಿದೆ. ಹಿಪ್ಪುನೇರಳೆಯ ತೆಳ್ಳನೆಯ ಕಡ್ಡಿ ತಂದು, ಕತ್ತೆಯ ಪಾಠದ ಕೊನೆಯ ಸಾಲಿನಂತೆ ದಿನಾ ಹೊತ್ತುಹೊತ್ತಿಗೆ ಮೆಲ್ಲಗೆ ಬಡಿದೆ. ಮೂರನೆಯ ದಿನಕ್ಕೆ ಚೀಲ ಉಸಿರು ಎಳೆದುಕೊಂಡಂತೆ ಉಬ್ಬಿ ನಿಂತಿತು. ಅವತ್ತು ಬೆಳಕು ಹರಿಯುವತನಕ ಒಂದೇ ನಿದ್ದೆ. ಅರ್ಜಿಯ ಕಾಗದವನ್ನು ಮುನಿಯಮ್ಮನ ಒಲೆಗೆ ಹಾಕಿದೆ.

ತಿಂಗಳ ಕೊನೆಗೆ ಪಟೇಲರು ಶಾಲೆಗೆ ಬಂದರು. ಹಾಜರಿ ಪುಸ್ತಕಕ್ಕೆ ಅವರ ರುಜು ಬೀಳದಿದ್ದರೆ ನಾನು ಕೆಲಸದಲ್ಲಿದ್ದೆ ಎನ್ನುವುದಕ್ಕೆ ಸಾಕ್ಷಿಯೇ ಇಲ್ಲ. ಜಗಲಿಯಲ್ಲಿ ಕೂತು ರುಜು ಹಾಕಿದರು, ಪುಸ್ತಕವನ್ನು ನೆಲದ ಮೇಲಿಟ್ಟು, ಎದ್ದು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಕದಲಲಿಲ್ಲ.

"ತಗೊಳ್ರೀ ಮೇಷ್ಟ್ರೇ."

"ಕೊಡಿ ಪಟೇಲ್ರೇ."

"ಇಟ್ಟಿದೀನಲ್ಲ."

"ಇಟ್ಟಿದೀರಿ. ಕೊಟ್ಟಿಲ್ಲ."

ಒಳಗೆ ಮಗ್ಗಿ ಹೇಳುತ್ತಿದ್ದ ಮಕ್ಕಳೆಲ್ಲ ಎದ್ದು ಬಾಗಿಲಿಗೆ ಬಂದರು. ಪಟೇಲರ ಮುಖ ಕೆಂಪಾಯಿತು. "ರುಜು ಹೊಡೆದು ಹಾಕಿಬಿಡ್ತೀನಿ ನೋಡು!"

"ಹೊಡೆದು ಹಾಕಿ. ಅದಕ್ಕೂ ಪುಸ್ತಕ ನೀವೇ ಎತ್ಕೋಬೇಕು. ನಾನಂತೂ ಬಗ್ಗಲ್ಲ."

ಅವರು ಕೋಣೆಯ ಕಡೆ ನೋಡಿದರು, ಬಾಗಿಲ ತುಂಬ ಮಕ್ಕಳ ಮುಖಗಳು, ಅವರ ಮೊಮ್ಮಗನದೂ ಒಂದು. ಕೊನೆಗೆ ಅವರು ಬಗ್ಗಿದರು, ಪುಸ್ತಕ ಎತ್ತಿದರು. ಹೊಡೆದು ಹಾಕುತ್ತಾರೆ ಅಂದುಕೊಂಡೆ. ನಾನು ಕೈ ಚಾಚಿಯೇ ಇದ್ದೆ. ಒಂದು ತುದಿ ಅವರು ಹಿಡಿದಿದ್ದರು, ಇನ್ನೊಂದು ತುದಿ ನನ್ನ ಕೈಗೆ ಬಂತು. ಅವರು ಬಿಟ್ಟರು. ಜಗಲಿ ಇಳಿದು ಹೋದರು.

ನಾನು ಒಳಗೆ ಹೋಗಿ, ಅದೇ ಪುಸ್ತಕ ತೆರೆದು, ಅವತ್ತಿನ ಹಾಜರಿ ಕೂಗಿದೆ. ಕೇರಿಯ ಏಳೂ ಮಕ್ಕಳು ಒಬ್ಬರಾದ ಮೇಲೊಬ್ಬರು "ಇದೀನಿ ಸಾ" ಅಂದರು, ಕೋಣೆಯ ಒಳಗಿನಿಂದ.